ಮೇಲಿನ ಮನೆಯವರ ಸಂಬಳ

ನಾನು ಯಾರನ್ನೂ ಸುಮ್ಮನೆ ನಂಬುವವಳಲ್ಲ. ಗ್ಯಾಸ್ ಸಿಲಿಂಡರ್ ತಂದವನ ಕೈಯಲ್ಲಿ ನನ್ನೆದುರೇ ತೂಕ ಹಾಕಿಸುತ್ತೇನೆ. ಸೊಪ್ಪಿನವಳ ಕಟ್ಟನ್ನು ಬಿಚ್ಚಿ ಒಳಗೆ ಕೊಳೆತದ್ದಿದೆಯೇ ಎಂದು ನೋಡುತ್ತೇನೆ. ನೆಂಟರು ಕಾರಣವಿಲ್ಲದೆ ಹಣ್ಣು ಹಿಡಿದು ಬಂದರೆ, ಅವರು ಎದ್ದು ಹೋಗುವವರೆಗೂ ಏನು ಕೇಳುತ್ತಾರೋ ಎಂದು ಕಾಯುತ್ತಾ ಕೂರುತ್ತೇನೆ. ನನ್ನ ಗಂಡನಿಗೆ ಇದೆಲ್ಲ ತಮಾಷೆ. “ನಿನ್ನ ನೆರಳನ್ನೇ ನೀನು ನಂಬಲ್ಲ ಬಿಡು” ಎನ್ನುತ್ತಾರೆ. ಅವರಿಗೇನು, ಟೆಂಪೋ ಓಡಿಸಿಕೊಂಡು ಹೊರಗೆ ಹೋಗುತ್ತಾರೆ. ಬಾಡಿಗೆಯವರ ಜೊತೆ ಏಗುವವಳು ನಾನು. ಈ ಗುಣ ಇಲ್ಲದಿದ್ದರೆ ನಮ್ಮ ಮನೆ ಯಾವತ್ತೋ ಮುಳುಗಿಹೋಗುತ್ತಿತ್ತು.

ಜೆ.ಪಿ. ನಗರದ ನಡುವೆ ಸಿಕ್ಕಿಕೊಂಡಿರುವ ಹಳೇ ಊರು ನಮ್ಮದು. ಮಾವನವರ ಕಾಲದಲ್ಲಿ ಇಲ್ಲಿ ಸೊಪ್ಪು, ಹೂಕೋಸು ಬೆಳೆಯುತ್ತಿದ್ದರಂತೆ. ಬಡಾವಣೆ ಬಂತು, ಜಮೀನು ಹೋಯಿತು, ಉಳಿದದ್ದು ಅಣ್ಣತಮ್ಮಂದಿರಲ್ಲಿ ಪಾಲಾಗಿ ನಮ್ಮ ಕೈಗೆ ಒಂದು ಸಣ್ಣ ಸೈಟು ಬಂತು. ಅದರ ಮೇಲೆ ಮೂರು ಮನೆ ಕಟ್ಟಿದೆವು. ಕೆಳಗೆ ನಾವು. ನಡುವಿನದರಲ್ಲಿ ತಿಂಗಳ ಬಾಡಿಗೆಗೆ ಮೂವರು ನರ್ಸ್ ಹುಡುಗಿಯರು. ಎಲ್ಲಕ್ಕೂ ಮೇಲಿನದನ್ನು ಒಂದು ಸಂಸಾರಕ್ಕೆ ಭೋಗ್ಯಕ್ಕೆ ಕೊಟ್ಟಿದ್ದೇವೆ. ಭೋಗ್ಯ ಎಂದರೆ ಅವರು ಬಂದಾಗ ಒಂದು ದೊಡ್ಡ ಮೊತ್ತ ಕೊಡುತ್ತಾರೆ, ಬಾಡಿಗೆ ಇಲ್ಲದೆ ಇರುತ್ತಾರೆ, ಹೋಗುವಾಗ ಅಷ್ಟನ್ನೂ ನಾವು ವಾಪಸ್ ಕೊಡಬೇಕು. ಆ ಮೊತ್ತವೆಲ್ಲ ಸಿಮೆಂಟು, ಕಬ್ಬಿಣವಾಗಿ ಗೋಡೆಯೊಳಗೆ ಸೇರಿದೆ. ಬೀದಿಯವರ ಕಣ್ಣಿಗೆ ನಾವು ಓನರ್‌ಗಳು. ಕೈಯಲ್ಲಿ ಏನೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ.

ಕಳೆದ ವರ್ಷ ಮಗಳ ಪಿಯುಸಿ ಮುಗಿಯಿತು. ಒಂದು ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಬಂದು ಕೂತು, “ಅಮ್ಮಾ, ನಾನು ಬಿಎಸ್ಸಿ ನರ್ಸಿಂಗ್ ಮಾಡ್ತೀನಿ” ಎಂದಳು. ನಾನು ಅವಳ ಮುಖ ನೋಡಲಿಲ್ಲ, ತಲೆಯೆತ್ತಿ ತಾರಸಿ ನೋಡಿದೆ. ಇದು ನಮ್ಮ ತಲೆಯ ಮೇಲಿನ ಮನೆಯ ನರ್ಸ್ ಹುಡುಗಿಯರದೇ ಕೆಲಸ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಆ ಮೂವರಲ್ಲಿ ಇಬ್ಬರು ಆಗಾಗ ಬದಲಾಗುತ್ತಾರೆ. ದೊಡ್ಡವಳು ಮಾತ್ರ ನಾಲ್ಕೈದು ವರ್ಷದಿಂದ ಇದ್ದಾಳೆ. ವಿಜಯಪುರದ ಕಡೆಯವಳು, ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಐಸಿಯು ಡ್ಯೂಟಿ. ನಮ್ಮತ್ತೆಗೆ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿದ್ದಾಗ ಡ್ಯೂಟಿ ಮುಗಿಸಿ ಬಂದು ಡ್ರೆಸಿಂಗ್ ಮಾಡಿಕೊಡುತ್ತಿದ್ದಳು. ನಾನು ಆ ವಾಸನೆ ತಡೆಯಲಾರದೆ ಹಿತ್ತಲಿಗೆ ಹೋಗುತ್ತಿದ್ದೆ. ಮಗಳು ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. ಆಮೇಲೆ ಹತ್ತಿ, ಬಟ್ಟೆ ಎಲ್ಲ ಅವಳೇ ಸಿದ್ಧ ಮಾಡಿಡಲು ಶುರು ಮಾಡಿದಳು. ಆ ಹುಡುಗಿ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ತಿಂಗಳ ಕೊನೆಗೆ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತಾಳೆ ಎಂದು ಕಾದೆ, ಪೂರ್ತಿ ಕೊಟ್ಟಳು. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಗಂಡನನ್ನು ಕೇಳಿದರೆ, “ಇಷ್ಟ ಇದ್ರೆ ಓದ್ಲಿ ಬಿಡು, ಸಾಲ ಸಿಗುತ್ತಂತಲ್ಲ” ಎಂದುಬಿಟ್ಟರು. ಸಾಲ ಸಿಗುತ್ತದೆ, ಅದು ನನಗೂ ಗೊತ್ತು. ಕೊಡುವವರು ಯಾಕೆ ಕೊಡುತ್ತಾರೆ ಎಂದು ಯಾರಾದರೂ ಒಬ್ಬರು ಕೇಳಬೇಕಲ್ಲ. ಜಯನಗರದ ಕಾಲೇಜಿನಲ್ಲಿ ಬಿ.ಕಾಂ ಸೇರಿದರೆ ಫೀಸು ನಮ್ಮ ಬಾಡಿಗೆಯಲ್ಲೇ ಆಗುತ್ತಿತ್ತು. ನರ್ಸಿಂಗ್ ಎಂದರೆ ನಾಲ್ಕು ವರ್ಷ, ಮೈತುಂಬ ಸಾಲ. ಓದು ಮುಗಿದ ಮೇಲೆ ಬರುವ ಸಂಬಳ ಆ ಸಾಲವನ್ನು ಹೊರುತ್ತದೋ ಇಲ್ಲವೋ ಎಂದು ತಿಳಿಯದೆ ಸಹಿ ಹಾಕುವವಳು ನಾನಲ್ಲ.

ಯಾರೋ ಏಜೆಂಟು ಮಗಳ ಫೋನಿಗೆ ಹತ್ತು ಸಲ ಕರೆ ಮಾಡಿದ್ದ. ಅವನು ಹೇಳಿದ ಕಾಲೇಜು ಅಂಜನಾಪುರ ದಾಟಿ ಇನ್ನೂ ಮುಂದೆ. ಗಂಡನ ಟೆಂಪೋದಲ್ಲಿ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೋದೆವು. ಗೇಟಿನವನು ಟೆಂಪೋ ನೋಡಿ, “ಸಾಮಾನು ಹಿಂದ್ಗಡೆ ಗೇಟಲ್ಲಿ ಇಳಿಸಣ್ಣ” ಎಂದ. ಮಗಳಿಗೆ ಮುಖ ಕೆಂಪಾಯಿತು. ನಾನು ಇಳಿದು, “ಸಾಮಾನಲ್ಲಪ್ಪ, ಫೀಸ್ ಕಟ್ಟೋರು” ಎಂದೆ. ಆಗ ಸಲ್ಯೂಟ್ ಹೊಡೆದ.

ಅಡ್ಮಿಷನ್ ಆಫೀಸಿನಲ್ಲಿ ಟೈ ಕಟ್ಟಿದವನೊಬ್ಬ ಕಾಫಿ ತರಿಸಿಕೊಟ್ಟ. ಕಾಫಿ ಚೆನ್ನಾಗಿತ್ತು, ಹಾಗಾಗಿ ಹುಷಾರಾದೆ.

“ಪ್ಲೇಸ್‌ಮೆಂಟ್ ಬಗ್ಗೆ ಯೋಚ್ನೇನೇ ಬೇಡ ಮೇಡಂ. ನಮ್ಮ ಮಕ್ಕಳಿಗೆ ಸ್ಟಾರ್ಟಿಂಗೇ ಮೂವತ್ತೈದು ಸಾವಿರ” ಎಂದ.

“ಕೈಗೆ ಬರೋದಾ?”

“ಅದು ಪ್ಯಾಕೇಜು ಮೇಡಂ. ಪಿಎಫ್, ಇನ್ಶೂರೆನ್ಸ್, ಕ್ಯಾಂಟೀನ್, ಹಾಸ್ಟೆಲ್ ಎಲ್ಲಾ ಸೇರಿ.”

“ಮಲಗೋ ಜಾಗನೂ ಸಂಬಳಕ್ಕೆ ಸೇರಿಸ್ತೀರಾ?”

“ಎಲ್ಲಾ ಕಡೆ ಹಂಗೇ ಮೇಡಂ. ಆಮೇಲೆ ಜರ್ಮನಿಗೆ ಹೋದ್ರೆ ತಿಂಗ್ಳಿಗೆ ಲಕ್ಷಗಟ್ಟಲೆ.”

“ಎಷ್ಟು ಜನ ಹೋಗಿದಾರೆ?”

“ತುಂಬಾ ಜನ ಪ್ರಿಪೇರ್ ಆಗ್ತಿದಾರೆ ಮೇಡಂ.”

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಒಂದು ಬಗೆಯ ಮೆಚ್ಚುಗೆಯೇ ಬಂತು. ಈ ಮನುಷ್ಯ ಮನೆ ಬಾಡಿಗೆಗೆ ಕೊಡಲು ಇಳಿದರೆ ನಮ್ಮ ಬೀದಿಯ ಓನರ್‌ಗಳೆಲ್ಲ ಮೂಟೆ ಕಟ್ಟಬೇಕಾಗುತ್ತದೆ.

ಲ್ಯಾಬ್ ತೋರಿಸಿದ. ಮಂಚಗಳ ಮೇಲೆ ರಬ್ಬರ್ ಬೊಂಬೆಗಳನ್ನು ಮಲಗಿಸಿ ಬಿಳಿ ಹೊದಿಕೆ ಹೊದಿಸಿದ್ದರು. ಮಗಳು ಬೊಂಬೆಯ ಮಣಿಕಟ್ಟು ಹಿಡಿದು ನಾಡಿ ನೋಡುವ ಹಾಗೆ ಮಾಡಿ ನಕ್ಕಳು. ನಾನು ಹೊದಿಕೆ ನೋಡಿದೆ, ಅಂಗಡಿಯಿಂದ ತಂದ ಮಡಿಕೆಯ ಗೆರೆ ಹಾಗೇ ಇತ್ತು. ಆಮೇಲೆ ಮೂಲೆಯ ಸಿಂಕಿನ ನಲ್ಲಿ ತಿರುಗಿಸಿದೆ. ಹೊಸ ಮನೆಗೆ ಹೋದರೆ ಮೊದಲು ನಲ್ಲಿ ತಿರುಗಿಸುವುದು ನನ್ನ ಅಭ್ಯಾಸ. ಬುಸ್ ಎಂದು ಗಾಳಿ ಬಂತು, ನೀರು ಬರಲಿಲ್ಲ. “ಇವತ್ತು ಮೋಟಾರ್ ರಿಪೇರಿ ಮೇಡಂ” ಎಂದ. ಈ ಮಾತನ್ನು ನಾನೇ ಬಾಡಿಗೆಯವರಿಗೆ ಎಷ್ಟು ಸಲ ಹೇಳಿಲ್ಲ!

ಸೀಟು ಹಿಡಿದಿಡಬೇಕಾದರೆ ಶುಕ್ರವಾರದೊಳಗೆ ಐವತ್ತು ಸಾವಿರ ಕಟ್ಟಬೇಕಂತೆ. ಒಟ್ಟು ಏಳು ಲಕ್ಷ. ಬರುವ ದಾರಿಯಲ್ಲಿ ಬ್ಯಾಂಕಿಗೂ ಹೋದೆವು. ಅಲ್ಲಿನ ಹೆಂಗಸು ಒಳ್ಳೆಯ ನಗುಮುಖದಿಂದ, “ಕೋರ್ಸ್ ಮುಗಿಯೋವರ್ಗೂ ನೀವೇನೂ ಕಟ್ಟೋ ಹಾಗಿಲ್ಲ” ಎಂದರು. ಬಡ್ಡಿಯ ಕಥೆ ಏನೆಂದು ಕೇಳಿದೆ. “ಅದು ಸೇರ್ತಾ ಹೋಗುತ್ತೆ” ಎಂದರು. ಅದನ್ನು ಹೇಳುವಾಗಲೂ ಅದೇ ನಗು. ಕಂತು ಹೆಚ್ಚುಕಡಿಮೆ ತಿಂಗಳಿಗೆ ಹನ್ನೆರಡು ಸಾವಿರ ಬೀಳುತ್ತದೆ, ಏಳು ವರ್ಷ.

ಈಗ ಸಂಬಳ ತಿಳಿಯಬೇಕಿತ್ತು. ಟೈ ಕಟ್ಟಿದವನ ಮೂವತ್ತೈದನ್ನು ನಾನು ಮೆಟ್ಟಿಲು ಇಳಿಯುವಾಗಲೇ ಬಿಟ್ಟುಬಂದಿದ್ದೆ. ನಿಜವಾದ ಸಂಬಳ ನನ್ನ ತಲೆಯ ಮೇಲೇ ಇತ್ತು. ನಮ್ಮ ಬೀದಿಯಲ್ಲಿ ಕೆಲವರು ಮನೆ ಕೊಡುವಾಗ ಜಾತಿ ಕೇಳುತ್ತಾರೆ, ಕೆಲವರು ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ. ನಾನು ಅದ್ಯಾವುದನ್ನೂ ಕೇಳುವುದಿಲ್ಲ. ಗೇಟಿನಲ್ಲೇ ನಿಲ್ಲಿಸಿ ಸಂಬಳ ಎಷ್ಟು ಎಂದು ಕೇಳುತ್ತೇನೆ. ಆ ದೊಡ್ಡ ಹುಡುಗಿ ಮೊದಲು ಬಂದಾಗ ಹದಿನೆಂಟು ಸಾವಿರ ಎಂದಿದ್ದಳು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು ಹೊಸದು ಮಾಡುವಾಗ ಬಾಡಿಗೆ ಏರಿಸಲು ಹೋಗಿ ಮತ್ತೆ ಕೇಳುತ್ತೇನೆ. ಪ್ರತಿ ಸಲವೂ ಅದೇ ಉತ್ತರ. “ಪಗಾರ ಎಲ್ಲಿ ಏರ್ಯಾದ್ರಿ ಆಂಟಿ, ಅದ ಹದಿನೆಂಟು.” ಪಾಪ ಎಂದು, ಏರಿಸಬೇಕೆಂದಿದ್ದರಲ್ಲಿ ಅರ್ಧ ಮಾತ್ರ ಏರಿಸಿ ಬರುತ್ತಿದ್ದೆ.

ಅಂದು ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹೇಳಿದೆ. ಇಷ್ಟು ವರ್ಷ ದುಡಿದವಳಿಗೆ ಹದಿನೆಂಟು. ಅದರಲ್ಲಿ ಕಂತಿಗೆ ಹನ್ನೆರಡು. ಉಳಿದ ಆರರಲ್ಲಿ ಬಸ್ಸು, ಊಟ, ಬಟ್ಟೆ. ಮದುವೆಯ ವಯಸ್ಸೆಲ್ಲ ಕಂತಿನಲ್ಲೇ ಕಳೆಯುತ್ತದೆ, ಸಾಲ ಹೊತ್ತು ಬರುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು.

ಮಗಳು ಬಾಯಿ ತೆರೆದಳು, ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತು. “ಸರಿ ಬಿಡಮ್ಮ, ಬಿ.ಕಾಂ ಮಾಡ್ತೀನಿ” ಎಂದು ಎದ್ದು ಹೋದಳು.

ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ. ಒಂದು ಚೂಡಿದಾರಕ್ಕೆ ಎರಡು ದಿನ ಊಟ ಬಿಡುವ ಹುಡುಗಿ ಇವಳು. ಜಗಳ ಯಾಕೆ ಆಡಲಿಲ್ಲ? ಯಾರಾದರೂ ಹುಡುಗ ಗಿಡುಗ ಇದ್ದಾನೋ, ಬಿ.ಕಾಂ ಕಾಲೇಜಿನ ಕಡೆಯವನೇನೋ ಎಂದು ಅವಳ ಫೋನು ಬಂದಾಗಲೆಲ್ಲ ಕಿವಿ ಕೊಟ್ಟೆ. ಏಜೆಂಟನದೇ ಕರೆ.

ಮಾರನೆಯ ದಿನ ಗೇಟಿನ ಮುಂದೆ ಹೊಸ ಸ್ಕೂಟರ್ ಬಂದು ನಿಂತಿತು. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಮೇಲಿನ ದೊಡ್ಡ ಹುಡುಗಿ ಸೀರೆ ಉಟ್ಟು ಇಳಿದು ಬಂದು, “ಆಂಟಿ, ನಮ್ಮವ್ವ ಊರಾಗ ಇದ್ದಾಳ. ನೀವ ಕಾಯಿ ಒಡೀಬೇಕ್ರಿ” ಎಂದಳು. ಅಷ್ಟು ಪ್ರೀತಿಯಿಂದ ಕರೆದರೆ ಹೇಗೆ ಬೇಡವೆನ್ನುವುದು? ಕುಂಕುಮ ಇಟ್ಟೆ, ಆರತಿ ಎತ್ತಿದೆ, ಕಾಯಿ ಒಡೆದೆ. ಒಡೆಯುತ್ತಲೇ ಕೇಳಿದೆ, “ಕಂತಾ?”

“ಇಲ್ರೀ ಆಂಟಿ, ಪೂರಾ ರೊಕ್ಕ ಕೊಟ್ಟೇ ತಗೊಂಡೇನ್ರಿ.” ಹೇಳಿದ ಮೇಲೆ ಅವಳಿಗೆ ತಪ್ಪಿನ ಅರಿವಾಯಿತು. ಕಾಯಿ ಹೋಳು ತೆಗೆದುಕೊಂಡು ಬೇಗಬೇಗ ಮೆಟ್ಟಿಲು ಹತ್ತಿದಳು.

ನಾನು ಗೇಟಿನಲ್ಲೇ ನಿಂತೆ. ಹದಿನೆಂಟರಲ್ಲಿ ಬಾಡಿಗೆ ಕೊಟ್ಟು, ಊರಿಗೆ ಕಳಿಸಿ, ಲಕ್ಷದ ಮೇಲಿನ ಸ್ಕೂಟರನ್ನು ಒಂದೇ ಸಲಕ್ಕೆ ಕೊಳ್ಳಲು ಯಾವ ದೇವರೂ ಸಹಾಯ ಮಾಡುವುದಿಲ್ಲ. ಇಷ್ಟು ವರ್ಷ ನನ್ನ ಮುಖಕ್ಕೇ ಸುಳ್ಳು ಹೇಳಿದ್ದಾಳೆ! ಮೈಯೆಲ್ಲ ಉರಿಯಿತು. ಏರಿಸಬಹುದಾಗಿದ್ದ ಬಾಡಿಗೆಯನ್ನೆಲ್ಲ ಲೆಕ್ಕ ಹಾಕಿದೆ. ಅರ್ಧ ಲೆಕ್ಕದಲ್ಲಿ ಮಗಳ ನೆನಪಾಯಿತು. ಅವಳ ಸಂಬಳ ಹದಿನೆಂಟಲ್ಲ ಎಂದರೆ ನಾನು ಮಗಳಿಗೆ ಹೇಳಿದ ಲೆಕ್ಕವೂ ಸುಳ್ಳು. ಓನರ್ ಆಗಿ ಸಿಟ್ಟು ಮಾಡಿಕೊಳ್ಳಲೋ, ತಾಯಿಯಾಗಿ ಸಂತೋಷಪಡಲೋ ತಿಳಿಯದೆ ಕರ್ಪೂರದ ತಟ್ಟೆ ಹಿಡಿದು ಹಾಗೇ ನಿಂತಿದ್ದೆ.

ಮಧ್ಯಾಹ್ನ ಮೇಲೆ ಹೋದೆ. ಅವಳು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು.

“ನಿಜ ಹೇಳಮ್ಮ. ಸಂಬಳ ಎಷ್ಟು?”

“ಹದಿನೆಂಟ್ರಿ ಆಂಟಿ.”

“ಬಾಡಿಗೆಗಲ್ಲ ಕಣಮ್ಮ ಕೇಳ್ತಿರೋದು. ನನ್ನ ಮಗಳು ನರ್ಸಿಂಗ್ ಮಾಡ್ತೀನಂತಾಳೆ, ಏಳು ಲಕ್ಷ ಸಾಲ ಆಗುತ್ತೆ. ತೀರ್ಸಕ್ಕಾಗುತ್ತಾ ಇಲ್ವಾ ಅಂತ ಗೊತ್ತಾಗ್ಬೇಕು.”

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಸೊಪ್ಪಿನ ಕಟ್ಟು ಬಿಚ್ಚುವಾಗ ನಾನು ನೋಡುವುದೂ ಹಾಗೇ. ಹೊಸ ಅಗ್ರಿಮೆಂಟಿಗೆ ಇನ್ನೊಂದು ತಿಂಗಳಷ್ಟೇ ಇತ್ತು. ಮಗಳ ನೆಪ ಹೇಳಿಕೊಂಡು ಬಾಡಿಗೆಗೆ ಗಾಳ ಹಾಕುತ್ತಿದ್ದೇನೆ ಎಂದು ಅವಳು ತಿಳಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ.

“ಎರಡು ವರ್ಷ ಬಾಡಗಿ ಏರಿಸಂಗಿಲ್ಲ ಅಂತ ಅಗ್ರಿಮೆಂಟಿನಾಗ ಬರದು ಸಹಿ ಮಾಡಿ ಕೊಡ್ರಿ. ಆಮ್ಯಾಲ ಕೇಳ್ರಿ, ಎಲ್ಲಾ ಹೇಳ್ತೇನಿ.”

“ಇದೇನು ವ್ಯಾಪಾರನಾ?” ಎಂದು ರೇಗಿದೆ.

“ನೀವು ಶುರು ಮಾಡೀರಿ ಆಂಟಿ” ಎಂದು ಇಸ್ತ್ರಿ ಮುಂದುವರಿಸಿದಳು.

ಸಿಟ್ಟಿನಿಂದ ಇಳಿದು ಬಂದೆ. ನನ್ನ ಮನೆಯಲ್ಲಿ ನನಗೇ ಷರತ್ತು! ಆದರೆ ಒಳಗೆ ಮಗಳು ಬಿ.ಕಾಂ ಅರ್ಜಿ ತುಂಬುತ್ತಾ ಕೂತಿದ್ದಳು. ಹಟವಿಲ್ಲ, ಮುನಿಸಿಲ್ಲ, ತನ್ನ ಮನೆಯ ಕೆಲಸವೇ ಅಲ್ಲ ಎನ್ನುವ ಹಾಗೆ ಬರೆಯುತ್ತಿದ್ದಳು. ಅದನ್ನು ನೋಡಲಾಗಲಿಲ್ಲ. ಮಾರನೆಯ ದಿನ ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಅಂಗಡಿಗೆ ಹೋಗಿ ಛಾಪಾ ಕಾಗದದ ಮೇಲೆ ಅಗ್ರಿಮೆಂಟು ಮಾಡಿಸಿದೆ. ಟೈಪ್ ಮಾಡುವವನು ಅರ್ಧಕ್ಕೆ ನಿಲ್ಲಿಸಿ, “ಆಂಟಿ, ಏರಿಸೋದಿಲ್ಲ ಅಂತಾನಾ? ಉಲ್ಟಾ ಹೇಳ್ತಿಲ್ಲ ತಾನೇ?” ಎಂದ. “ನಿನಗೆ ಹೇಳಿದಷ್ಟು ಹೊಡಿ” ಎಂದೆ.

ಹುಡುಗಿ ಎರಡೂ ಪುಟ ಓದಿದಳು. ನನ್ನ ಸಹಿಯನ್ನು ಹಳೆಯ ಅಗ್ರಿಮೆಂಟಿನ ಸಹಿಯ ಜೊತೆ ಹೋಲಿಸಿ ನೋಡಿದಳು. ಆಮೇಲೆ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕುರ್ಚಿ ಎಳೆದು ಕೂರಿಸಿದಳು.

“ಈಗ ಕೈಗೆ ಮೂವತ್ತೊಂದು ಬರ್ತದ್ರಿ, ಎಲ್ಲಾ ಕಟ್ ಆಗಿ.”

ಅಂದುಕೊಂಡದ್ದೇ. ಆದರೂ ಕೇಳಿದೆ, “ಹದಿನೆಂಟರಿಂದ ಯಾವಾಗ ಏರಿತು?”

“ಹದಿನೆಂಟು ಯಾವತ್ತೂ ಬಂದೇ ಇಲ್ರಿ ಆಂಟಿ.”

ನನಗೆ ಅರ್ಥವಾಗಲಿಲ್ಲ.

“ಇಲ್ಲಿ ಬಂದಾಗ ನನಗ ಹನ್ನೆರಡ ಸಾವಿರ ಇತ್ರಿ. ನೀವು ಗೇಟಿನಾಗ ನಿಂತು ಮೊದಲ ಪಗಾರ ಕೇಳಿದ್ರಿ. ಹನ್ನೆರಡ ಅಂದಿದ್ರ ಮನಿ ಕೊಡ್ತಿದ್ರೇನು? ಅದಕ್ಕ ಹದಿನೆಂಟು ಅಂದೆ. ಆಮ್ಯಾಲ ಹದಿನಾಲ್ಕಾತು, ಹದಿನಾರಾತು. ಆಸ್ಪತ್ರಿ ಬದಲಿ ಮಾಡಿದೆ, ಸೀದಾ ಇಪ್ಪತ್ತನಾಕಕ್ಕ ಹೋತು. ಅಷ್ಟೊತ್ತಿಗೆ ನಿಮಗ ಹದಿನೆಂಟು ಬಾಯಿಪಾಠ ಆಗಿತ್ತು. ಬಿಟ್ಟೆ.”

ಮೊದಲು ಇರುವುದಕ್ಕಿಂತ ಹೆಚ್ಚು ಹೇಳಿದಳು, ಆಮೇಲೆ ಇರುವುದಕ್ಕಿಂತ ಕಡಿಮೆ ಹೇಳಿದಳು. ಯಾವ ತಿಂಗಳೂ ಯಾರ ಕೈಗೂ ಬಾರದ ಒಂದು ಸಂಬಳವನ್ನು ನಾನು ನಾಲ್ಕೈದು ವರ್ಷ ಕಾಪಾಡಿಕೊಂಡು ಬಂದಿದ್ದೆ. ಅದರ ಮೇಲೆ ಮಗಳ ಓದನ್ನೇ ತೂಗಿ, ಬೇಡ ಎಂದಿದ್ದೆ.

“ಹನ್ನೆರಡರಲ್ಲಿ ಹೆಂಗಮ್ಮ ಬದುಕಿದೆ?”

“ಅಪ್ಪ ನನ್ನ ಸಲುವಾಗಿ ಸಾಲ ಮಾಡಿದ್ರು. ಅರ್ಧ ಪಗಾರ ಅದಕ್ಕ ಹೋಗ್ತಿತ್ತು. ಡ್ಯೂಟಿ ಇದ್ದ ದಿನ ಆಸ್ಪತ್ರಿ ಕ್ಯಾಂಟೀನಿನಾಗ ಊಟ. ರಜಾ ಇದ್ದ ದಿನ ನೀವು ಕೆಳಗಿಂದ ಸಾರು ಕೊಡ್ತಿದ್ರಿ.” ಕಪಾಟಿನ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದಳು. “ಏಳು ಲಕ್ಷ ಬ್ಯಾಡ್ರಿ. ಮೊದಲ ಎರಡು ಮೂರು ವರ್ಷ ಕಂತು ಕಟ್ಟಾಕ ಆಗಂಗಿಲ್ಲ, ಬಡ್ಡಿ ಬೆಳೀತದ. ಎರಡೂವರಿ, ಮೂರು ಇದ್ರ ಆಗ್ತದ. ಹೆಂಗೂ ಸಿಇಟಿ ಬರದಾಳಲ್ಲ, ಆ ಸರಕಾರಿ ಕೋಟಾದ ಸೀಟಿಗೆ ಕಾಯ್ರಿ, ಫೀಸು ಕಡಿಮಿ. ಕೆಲಸಕ್ಕ ಹೋದಾಗ ಕಾಲೇಜಿನ ಬಿಲ್ಡಿಂಗ್ ಯಾರೂ ಕೇಳಂಗಿಲ್ಲ.”

ಇಷ್ಟು ಒಳ್ಳೆಯ ಮಾತು ಹೇಳುತ್ತಾಳೆಂದರೆ ಇವಳಿಗೇನು ಲಾಭ ಎಂದು ಆಗಲೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಲಾಭವನ್ನು ಅವಳು ಆಗಲೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ಹಾಗಾಗಿ ನಂಬಿದೆ.

ಶುಕ್ರವಾರ ಐವತ್ತು ಸಾವಿರ ಕಟ್ಟಲಿಲ್ಲ. ಟೈ ಕಟ್ಟಿದವನು ಕರೆ ಮಾಡಿ, ಸೀಟು ಇನ್ನೊಬ್ಬರಿಗೆ ಹೋಗುತ್ತೆ ಮೇಡಂ ಎಂದ. ಹೋಗಲಿ, ಅವರಿಗೆ ಮೊದಲು ನಲ್ಲಿ ತಿರುಗಿಸಲು ಹೇಳಿ ಎಂದು ಇಟ್ಟುಬಿಟ್ಟೆ. ಗಂಡನ ಹತ್ತಿರ ಮಾತಾಡಿದೆ. ಸಿಇಟಿಯಲ್ಲಿ ಸೀಟು ಬಂದರೆ ನರ್ಸಿಂಗೇ ಸೇರಿಸುವುದು, ಸಾಲ ಮೂರು ಲಕ್ಷ ದಾಟಬಾರದು, ಮೊದಲ ವರ್ಷಗಳ ಕಂತಿಗೆ ನಡುವಿನ ಮನೆಯ ಬಾಡಿಗೆಯಲ್ಲಿ ಕೈಲಾದಷ್ಟು ಸೇರಿಸುವುದು ಎಂದು ಮಾತಾಯಿತು. ಮಗಳಿಗೆ ನಾನೇ ಹೇಳುತ್ತೇನೆ ಎಂದೆ. ಅವಳ ಮುಖ ಅರಳುವುದನ್ನು ನೋಡುವ ಆಸೆ ನನಗಿತ್ತು.

ಸಂಜೆ ತಾರಸಿಯಲ್ಲಿ ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೋಗಿ ಎಲ್ಲ ಹೇಳಿದೆ. ಅರಳಿತು, ಬಟ್ಟೆಯ ಸಮೇತ ನನ್ನನ್ನು ತಬ್ಬಿಕೊಂಡಳು. ಆ ಖುಷಿಯಲ್ಲೇ, “ಮೇಲಿನ ಅಕ್ಕನ ಸಂಬಳ ಎಷ್ಟು ಗೊತ್ತಾ? ಮೂವತ್ತೊಂದು ಸಾವಿರವಂತೆ!” ಎಂದೆ.

“ಗೊತ್ತು” ಎಂದಳು.

“ಗೊತ್ತಾ? ಯಾವಾಗಿಂದ?”

“ಅಜ್ಜಿಗೆ ಡ್ರೆಸಿಂಗ್ ಮಾಡ್ತಿದ್ರಲ್ಲ, ಆಗ್ಲೇ ಹೇಳಿದ್ರು. ಮೊದ್ಲು ಹನ್ನೆರಡಿತ್ತು ಅಂತಾನೂ ಹೇಳಿದ್ರು. ನಾನು ಕೇಳ್ದೆ, ಹೇಳಿದ್ರು.”

“ಮತ್ತೆ ಮೊನ್ನೆ ನಾನು ಹದಿನೆಂಟು ಅಂತ ಲೆಕ್ಕ ಹಾಕೋವಾಗ ಬಾಯಿ ಮುಚ್ಕೊಂಡು ಕೂತಿದ್ಯಲ್ಲೇ! ಓದೇ ಹೋಗ್ಬಿಡ್ತಿತ್ತಲ್ಲ ನಿಂದು. ಯಾಕೆ ಹೇಳ್ಲಿಲ್ಲ?”

ಅವಳು ಅಪ್ಪನ ಅಂಗಿಯನ್ನು ಮಡಿಚಿ ತೋಳಿನ ಮೇಲೆ ಹಾಕಿಕೊಂಡಳು. ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯವನ್ನು ಹೇಳುವ ಹಾಗೆ ಹೇಳಿದಳು.

“ಹೇಳಿದ್ರೆ ನೀನು ಬಾಡಿಗೆ ಏರಿಸ್ತಿದ್ದೆ, ಅಮ್ಮ.”

ಬಟ್ಟೆ ಎತ್ತಿಕೊಂಡು ಕೆಳಗಿಳಿದಳು. ಕೂಗಿ ಕರೆದು, ಇಲ್ಲ ಕಣೇ, ನಿನ್ನ ಓದಿನ ವಿಷಯದಲ್ಲಿ ಹಾಗೆಲ್ಲ ಮಾಡುತ್ತಿದ್ದೆನಾ ಎನ್ನಬೇಕಿತ್ತು. ಮಗಳು ನನ್ನನ್ನು ನಂಬಲಿಲ್ಲವಲ್ಲ ಎಂದು ಅಳು ಬಂತು, ಕಂಬಿ ಹಿಡಿದುಕೊಂಡು ನಿಂತೆ. ಅವಳು ಹೇಳಿದ್ದಿದ್ದರೆ ಅದೇ ಸಂಜೆ ಮೇಲೆ ಹೋಗಿ ಬಾಡಿಗೆ ಏರಿಸಿಯೇ ಇಳಿದು ಬರುತ್ತಿದ್ದೆ.